ಬೇಸಿಗೆಯ ಅಷ್ಟು ನೀರನ್ನು ಮೀನಿಗೆ ಬಿಟ್ಟುಬಿಡಿ

ಮುಂಗಾರಿನ ಮೊದಲ ಜೋರು ಮಳೆಯ ರಾತ್ರಿ ಮಲೆನಾಡಿನಲ್ಲಿ ಬೇಗ ಮಲಗುವವರು ಕಡಿಮೆ. ಟಾರ್ಚು, ಕತ್ತಿ, ಕೂಳಿ ಹಿಡಿದು ಗದ್ದೆ ಬದುವಿನ ಮೇಲೆ, ತೋಡಿನ ಅಂಚಿನಲ್ಲಿ ಜನ ಕಾಯುತ್ತಾರೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುವ ಹೊತ್ತು ಅದು. ನಾವು ಹತ್ತುಮೀನು ಅನ್ನುತ್ತೇವೆ, ಘಟ್ಟದ ಕೆಳಗೆ ತುಳುವಿನಲ್ಲಿ ಉಬರ್ ಅನ್ನುತ್ತಾರೆ. ಮಾರನೇ ದಿನ ಊರಿಡೀ ಒಂದೇ ವಾಸನೆ, ಒಂದೇ ಮಾತು: ನಿಮಗೆಷ್ಟು ಸಿಕ್ಕಿತು?

ಈಚೆಗೆ ಆ ಮಾತು ಬೇರೆ ಥರ ಆಗಿದೆ. ಸಿಕ್ಕಿತಾ ಎಂದು ಕೇಳುವ ಹಾಗಾಗಿದೆ. ಕಾರಣ ಏನು ಅಂತ ಕೇಳಿದರೆ ಒಬ್ಬರು ಮಳೆ ಅನ್ನುತ್ತಾರೆ, ಇನ್ನೊಬ್ಬರು ತೋಟಕ್ಕೆ ಹೊಡೆಯುವ ಔಷಧಿ ಅನ್ನುತ್ತಾರೆ, ಮತ್ತೊಬ್ಬರು ತೋಟೆ ಹಾಕುವ ಹುಡುಗರನ್ನು ಬೈಯುತ್ತಾರೆ. ಎಲ್ಲದರಲ್ಲೂ ನಿಜ ಇದೆ. ಆದರೆ ಘಟ್ಟದ ಕೆಲವು ಹೊಳೆಗಳಲ್ಲಿ ಇನ್ನೂ ಒಂದು ಕಾರಣ ಕಣ್ಣೆದುರೇ ನಿಂತಿದೆ. ಅದಕ್ಕೆ ಕಾಂಪೌಂಡು, ಗೇಟು, ಸೆಕ್ಯುರಿಟಿ ಎಲ್ಲ ಇದೆ. ಮಿನಿ ಹೈಡಲ್ ಅಂತ ಬೋರ್ಡೂ ಇದೆ.

ಮಿನಿ ಎಂಬ ಪದದಿಂದಲೇ ಶುರು ಮಾಡೋಣ, ಏಕೆಂದರೆ ಸಮಸ್ಯೆಯ ಅರ್ಧ ಭಾಗ ಆ ಪದದಲ್ಲೇ ಇದೆ. ನಮ್ಮ ದೇಶದಲ್ಲಿ 25 ಮೆಗಾವ್ಯಾಟ್‌ವರೆಗಿನ ಜಲವಿದ್ಯುತ್ ಘಟಕವನ್ನು ಸಣ್ಣದು ಎಂದು ಲೆಕ್ಕ ಹಿಡಿಯುತ್ತಾರೆ. ಪರಿಸರದ ಮೇಲಿನ ಪರಿಣಾಮ ಅಧ್ಯಯನ ಮಾಡಿ ಕೇಂದ್ರದಿಂದಲೋ ರಾಜ್ಯದಿಂದಲೋ ಪರಿಸರ ಅನುಮತಿ ಪಡೆಯಬೇಕು ಎಂಬ 2006ರ ಅಧಿಸೂಚನೆ ಜಲವಿದ್ಯುತ್ತಿಗೆ ಅನ್ವಯವಾಗುವುದು 25 ಮೆಗಾವ್ಯಾಟ್‌ನಿಂದ ಮೇಲಕ್ಕೆ. ಅದಕ್ಕಿಂತ ಕಡಿಮೆ ಇದ್ದರೆ ಅಧ್ಯಯನ ಬೇಡ, ಅದಕ್ಕಾಗಿ ಊರವರನ್ನು ಕರೆದು ನಡೆಸುವ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಅರಣ್ಯ ಜಾಗ ಬೇಕಾದರೆ ಅದರ ಅನುಮತಿ ಬೇರೆ ತೆಗೆದುಕೊಳ್ಳಬೇಕು, ಅಷ್ಟೇ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ 25 ಮೆಗಾವ್ಯಾಟ್‌ಗಿಂತ ಸಣ್ಣ ಜಲವಿದ್ಯುತ್ ಘಟಕ ಬಿಳಿ ಪಟ್ಟಿಗೆ ಸೇರಿತು. ಬಿಳಿ ಅಂದರೆ ಮಾಲಿನ್ಯವೇ ಇಲ್ಲ ಎಂಬಂಥದ್ದು. ಹೊಗೆ ಬರುವುದಿಲ್ಲ, ಕೊಳಕು ನೀರು ಬಿಡುವುದಿಲ್ಲ, ನಿಜ. ಹೊಳೆಯಲ್ಲಿ ನೀರೇ ಇಲ್ಲದಂತೆ ಮಾಡುವುದು ಯಾವ ಬಣ್ಣಕ್ಕೆ ಸೇರುತ್ತದೆ ಎಂದು ಆ ಪಟ್ಟಿಯಲ್ಲಿ ಹೇಳಿಲ್ಲ.

ಘಟಕ ಕೆಲಸ ಮಾಡುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಅಣೆಕಟ್ಟಿನ ಹಾಗೆ ಇಲ್ಲಿ ಊರು ಮುಳುಗುವುದಿಲ್ಲ. ಹೊಳೆಗೆ ಅಡ್ಡ ಒಂದು ಒಡ್ಡು ಕಟ್ಟುತ್ತಾರೆ. ಅಲ್ಲಿಂದ ನೀರನ್ನು ಕಾಲುವೆಗೋ ಸುರಂಗಕ್ಕೋ ತಿರುಗಿಸಿ, ಗುಡ್ಡದ ಪಕ್ಕದಲ್ಲೇ ಸಾಗಿಸಿ, ಇಳಿಜಾರು ಸಿಕ್ಕಿದ ಕಡೆ ದಪ್ಪ ಪೈಪಿನಲ್ಲಿ ಕೆಳಗೆ ಬಿಡುತ್ತಾರೆ. ಕೆಳಗೆ ಪವರ್ ಹೌಸಿನಲ್ಲಿ ಟರ್ಬೈನ್ ತಿರುಗುತ್ತದೆ, ನೀರು ಮತ್ತೆ ಹೊಳೆಗೆ ಬರುತ್ತದೆ. ನೀರು ಖರ್ಚಾಗುವುದಿಲ್ಲ, ಇದ್ದಷ್ಟೂ ವಾಪಸ್ ಎಂದು ಕಂಪನಿಯವರು ಹೇಳುವುದು ಸುಳ್ಳಲ್ಲ. ಆದರೆ ಒಡ್ಡಿನಿಂದ ಪವರ್ ಹೌಸಿನವರೆಗೆ ಒಂದೆರಡು ಕಿಲೋಮೀಟರೋ ಇನ್ನೂ ಹೆಚ್ಚೋ ಹೊಳೆ ಇದೆಯಲ್ಲ, ಅಲ್ಲಿ ನೀರು ಹರಿಯುವುದಿಲ್ಲ. ಕಂಪನಿಗೆ ಅದು ಎರಡು ಬಿಂದುಗಳ ನಡುವಿನ ಖಾಲಿ ಜಾಗ. ಮೀನಿಗೆ ಮನೆ.

ಫೆಬ್ರವರಿ ಕೊನೆಯಲ್ಲಿ ಅಂಥ ಒಂದು ಜಾಗಕ್ಕೆ ಇಳಿದಿದ್ದೆ. ಯಾವ ಘಟಕ ಎಂದು ಹೆಸರು ಹೇಳುವುದಿಲ್ಲ, ಒಂದನ್ನೇ ಹೆಸರಿಸಿದರೆ ಉಳಿದವರು ಸಾಚಾ ಎಂದಾಗುತ್ತದೆ. ಬಂಡೆಗಳ ಮೇಲೆ ಪಾಚಿ ಒಣಗಿ ಹಪ್ಪಳದ ಹಾಗೆ ಏಳುತ್ತಿತ್ತು. ಅಲ್ಲಲ್ಲಿ ಬಂಡೆ ಸಂದಿಯಲ್ಲಿ ಬೆಚ್ಚಗಿನ ಗುಂಡಿಗಳು. ಒಂದು ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಮರದ ಮೇಲೆ ಮಿಂಚುಳ್ಳಿ ಕೂತಿತ್ತು. ಅದಕ್ಕೆ ಆ ವಾರ ಹಬ್ಬ.

ನಾನು ಕಂಡದ್ದು ಒಂದು ದಿನದ ನೋಟ, ಅದನ್ನೇ ಪುರಾವೆ ಅನ್ನುವುದಿಲ್ಲ. ಅಳತೆ ಮಾಡಿ ನೋಡಿದವರಿದ್ದಾರೆ. ಸುಮನ್ ಜುಮಾನಿ, ಶಿಶಿರ್ ರಾವ್, ಜಗದೀಶ್ ಕೃಷ್ಣಸ್ವಾಮಿ ಮೊದಲಾದ ಸಂಶೋಧಕರು ನೇತ್ರಾವತಿಯ ಮೇಲ್ಭಾಗದಲ್ಲಿ ಒಡ್ಡು ಕಟ್ಟಿದ ತೊರೆಗಳನ್ನೂ ಕಟ್ಟದೆ ಉಳಿದ ತೊರೆಯನ್ನೂ ಹೋಲಿಸಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ನೀರು ತಿರುಗಿಸಿದ ಭಾಗದಲ್ಲಿ ಹೊಳೆಯ ಆಳ, ಅಗಲ ಎರಡೂ ಕುಗ್ಗಿದ್ದವು. ನೀರು ಬೆಚ್ಚಗಾಗಿತ್ತು, ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿತ್ತು. ಅಲ್ಲಿದ್ದ ಮೀನುಗಳ ಬಳಗವೂ ಒಡ್ಡು ಇಲ್ಲದ ತೊರೆಯಲ್ಲಿದ್ದಂತೆ ಇರಲಿಲ್ಲ.

ಆಮ್ಲಜನಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೆರೆ ಮೀನಿಗೂ ಘಟ್ಟದ ಮೀನಿಗೂ ವ್ಯತ್ಯಾಸ ಇರುವುದು ಇಲ್ಲೇ. ಮುಗುಡು ಮೀನನ್ನು ಕೆಸರಿನಲ್ಲಿ ಬಿಟ್ಟರೂ ಗಾಳಿ ಕುಡಿದು ಬದುಕುತ್ತದೆ, ಬಕೆಟ್‌ನಲ್ಲಿ ಹಾಕಿಟ್ಟರೂ ಮಾರನೇ ದಿನ ಒದ್ದಾಡುತ್ತಿರುತ್ತದೆ. ಘಟ್ಟದ ತೊರೆಯ ಮೀನು ಹಾಗಲ್ಲ. ಬಂಡೆಗೆ ಬಡಿದು ನೊರೆಯಾಗಿ ಬೀಳುವ ನೀರಿನಲ್ಲಿ ಗಾಳಿ ಚೆನ್ನಾಗಿ ಬೆರೆತಿರುತ್ತದೆ, ನೀರು ತಣ್ಣಗಿರುತ್ತದೆ. ಆ ಮೀನುಗಳ ದೇಹ ಅದಕ್ಕೇ ಒಗ್ಗಿಕೊಂಡಿದೆ. ಕೆಲವು ಜಾತಿಗಳಿಗೆ ಬಾಯಿಯ ಕೆಳಗೆ ಕಲ್ಲಿಗೆ ಅಂಟಿಕೊಳ್ಳುವ ಬಿಲ್ಲೆಯಂಥ ಅಂಗ ಇದೆ. ಇನ್ನು ಕೆಲವಕ್ಕೆ ಎದೆಯ ರೆಕ್ಕೆಗಳೇ ಅಗಲವಾಗಿ ಚಪ್ಪಟೆಯಾಗಿ, ಎಷ್ಟೇ ಸೆಳೆತ ಇದ್ದರೂ ಬಂಡೆ ಬಿಡದಂತೆ ಹಿಡಿಯುತ್ತವೆ. ಕಲ್ಲಿನ ಮೇಲಿನ ಪಾಚಿಯೇ ಅವುಗಳ ಊಟ. ಹರಿವು ನಿಂತ ಕೂಡಲೇ ಊಟವೂ ಹೋಯಿತು, ಉಸಿರೂ ಹೋಯಿತು. ಕಾಮಗಾರಿ ಸಮಯದಲ್ಲಿ ಗುಡ್ಡ ಕಡಿದ ಮಣ್ಣು ಹೊಳೆಗೆ ಬಿದ್ದು ಕಲ್ಲಿನ ಮೇಲೆ ಕೂತರೂ ಅದೇ ಗತಿ.

ಇಂಥ ಮೀನು ಎಷ್ಟು? ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಬಗ್ಗೆ 2011ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಹೊರತಂದ ವರದಿಯಲ್ಲಿ ಸುಮಾರು 290 ಜಾತಿಯ ಮೀನುಗಳ ಲೆಕ್ಕ ಇದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕೆಲವಂತೂ ಒಂದೆರಡು ಹೊಳೆಗಳಲ್ಲಿ ಮಾತ್ರ. ಅಂಥ ಹೊಳೆಯಲ್ಲಿ ಎರಡು ಕಿಲೋಮೀಟರ್ ಒಣಗಿದರೆ ಅದು ಸಣ್ಣ ವಿಷಯ ಹೇಗಾಗುತ್ತದೆ?

ಒಡ್ಡಿನದ್ದೂ ಒಂದು ಕಥೆ. ದೇವರ ಮೀನು ನಿಮಗೆಲ್ಲ ಗೊತ್ತು. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ನಾವು ಅಕ್ಕಿ, ಮಂಡಕ್ಕಿ ಹಾಕಿ ಕೈ ಮುಗಿಯುವ ದೊಡ್ಡ ಹುರುಪೆಯ ಮೀನು. ತುಳುವಿನಲ್ಲಿ ಪೆರುವೊಳು, ಇಂಗ್ಲಿಷಿನಲ್ಲಿ ಮಹಶೀರ್. ಇದು ಮಳೆಗಾಲದಲ್ಲಿ ಹೊಳೆ ಏರಿ ಹೋಗಿ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆ ಇಡುತ್ತದೆ. ಹಾವುಮೀನಿನದ್ದು ಇನ್ನೂ ದೂರದ ಪ್ರಯಾಣ. ಅದು ಹುಟ್ಟುವುದೇ ಸಮುದ್ರದಲ್ಲಿ, ಮರಿಯಾಗಿದ್ದಾಗ ನದಿ ಹಿಡಿದು ಘಟ್ಟದ ತೊರೆಯವರೆಗೆ ಬರುತ್ತದೆ, ವರ್ಷಗಟ್ಟಲೆ ಇಲ್ಲೇ ಬೆಳೆದು ಮರಿ ಮಾಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಹದಿನೈದು ಅಡಿಯ ಕಾಂಕ್ರೀಟ್ ಗೋಡೆ ನಮಗೆ ಸಣ್ಣದು, ಅಣೆಕಟ್ಟು ಎಂದು ಕರೆಯಲೂ ನಾಚಿಕೆಯಾಗುವಷ್ಟು. ಹೊಳೆ ಏರುವ ಮೀನಿಗೆ ಅಲ್ಲಿಗೆ ದಾರಿ ಮುಗಿಯಿತು.

ಪವರ್ ಹೌಸಿನ ಕೆಳಗಾದರೂ ಸುಖವೇ? ಬೇಸಿಗೆಯಲ್ಲಿ ಹೊಳೆಯ ನೀರು ಟರ್ಬೈನಿಗೆ ಸಾಲದಾದಾಗ ಒಡ್ಡಿನ ಹಿಂದೆ ನಿಲ್ಲಿಸಿಕೊಂಡು, ತುಂಬಿದ ಮೇಲೆ ಕೆಲವು ಗಂಟೆ ಓಡಿಸುವ ಪದ್ಧತಿ ಇದೆ. ಆಗ ಕೆಳಗಿನ ಹೊಳೆ ದಿನದ ಬಹುಪಾಲು ಬತ್ತಿದ ಹಾಗಿದ್ದು, ಒಮ್ಮೆಗೇ ಉಬ್ಬಿ, ಮತ್ತೆ ಇಳಿಯುತ್ತದೆ. ಉಬ್ಬಿದಾಗ ದಡದ ಕಡೆ ಬಂದ ಮರಿಗಳು ಇಳಿದಾಗ ಕಲ್ಲಿನ ಮೇಲೆ ಉಳಿಯುತ್ತವೆ. ಬಟ್ಟೆ ಒಗೆಯುವ ಹೆಂಗಸರು, ಈಜುವ ಮಕ್ಕಳು ಇರುವ ಹೊಳೆಯಲ್ಲಿ ಇದು ಬರೀ ಮೀನಿನ ವಿಷಯವೂ ಅಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಎಲ್ಲ ಘಟಕ ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಬೇಸಿಗೆಯ ನೀರಿನ ಬಗ್ಗೆ.

ಒಂದು ಲೆಕ್ಕ ಮಾಡೋಣ, ಶಾಲೆಯ ವಿಜ್ಞಾನ ಸಾಕು. ಸೆಕೆಂಡಿಗೆ 1,000 ಲೀಟರ್ ನೀರು 100 ಮೀಟರ್ ಎತ್ತರದಿಂದ ಬಿದ್ದರೆ, ಪೈಪು, ಟರ್ಬೈನಿನಲ್ಲಿ ನಷ್ಟವಾಗುವುದನ್ನು ಕಳೆದು ಸುಮಾರು 800 ಕಿಲೋವ್ಯಾಟ್ ಕರೆಂಟು ಸಿಗುತ್ತದೆ. ಮಳೆಗಾಲದಲ್ಲಿ ಘಟ್ಟದ ಹೊಳೆಯಲ್ಲಿ ಇದರ ಹತ್ತು ಪಟ್ಟು ನೀರಿದ್ದರೂ ಆಶ್ಚರ್ಯವಿಲ್ಲ. ಘಟಕದ ವರ್ಷದ ದುಡಿಮೆ ಮುಖ್ಯವಾಗಿ ಆಗುವುದು ಆ ತಿಂಗಳುಗಳಲ್ಲೇ. ಮಾರ್ಚಿನಲ್ಲಿ ಅದೇ ಹೊಳೆಯಲ್ಲಿ ಸೆಕೆಂಡಿಗೆ 100 ಲೀಟರ್ ಉಳಿದಿದೆ ಎಂದುಕೊಳ್ಳಿ. ಅಷ್ಟನ್ನೂ ಪೈಪಿಗೆ ಹಾಕಿದರೆ ಸಿಗುವುದು 80 ಕಿಲೋವ್ಯಾಟ್. 10 ಎಚ್‌ಪಿಯ ಹತ್ತು ಪಂಪ್‌ಸೆಟ್ ಓಡಿಸುವಷ್ಟು. ಅದೂ ದೊಡ್ಡ ಟರ್ಬೈನ್ ಅಷ್ಟು ಕಡಿಮೆ ನೀರಿಗೆ ತಿರುಗಿದರೆ.

ಆ 80 ಕಿಲೋವ್ಯಾಟ್ ಗ್ರಿಡ್ಡಿಗೆ ಲೆಕ್ಕಕ್ಕೇ ಇಲ್ಲ. ಶರಾವತಿ ಕಣಿವೆಯ ಒಂದೇ ಕೇಂದ್ರದ ಸಾಮರ್ಥ್ಯ 1,035 ಮೆಗಾವ್ಯಾಟ್. ಪಾವಗಡದ ಸೋಲಾರ್ ಪಾರ್ಕಿನದು 2,050 ಮೆಗಾವ್ಯಾಟ್, ಘಟ್ಟದ ಹೊಳೆ ಸೊರಗುವ ಬಿಸಿಲಿನಲ್ಲೇ ಅದು ಚೆನ್ನಾಗಿ ದುಡಿಯುತ್ತದೆ. ಆದರೆ ಆ ಸೆಕೆಂಡಿಗೆ 100 ಲೀಟರ್ ಇದೆಯಲ್ಲ, ಮೀನಿಗೆ ಮುಂದಿನ ಮಳೆಯವರೆಗೆ ಇರುವುದು ಅಷ್ಟೇ. ಒಬ್ಬರಿಗೆ ಚಿಲ್ಲರೆ, ಇನ್ನೊಬ್ಬರಿಗೆ ಇಡೀ ವರ್ಷದ ಬದುಕು. ಹಾಗಿರುವಾಗ ಬೇಸಿಗೆಯಲ್ಲಿ ಟರ್ಬೈನ್ ನಿಲ್ಲಿಸಿ ಹೊಳೆಯನ್ನು ಹೊಳೆಯಾಗಿಯೇ ಬಿಡುವುದರಿಂದ ನಷ್ಟ ಯಾರಿಗೆ, ಎಷ್ಟು? ಕಂಪನಿಯವರು ಇದಕ್ಕೆ ತಿಂಗಳುವಾರು ಉತ್ಪಾದನೆಯ ಲೆಕ್ಕ ಊರವರ ಮುಂದಿಟ್ಟು ಉತ್ತರ ಕೊಡಲಿ.

ಕಾನೂನಿನಲ್ಲಿ ಏನೂ ಇಲ್ಲವೇ ಅಂದರೆ, ಇದೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದ ಎಲ್ಲ ನದಿಗಳಲ್ಲೂ ಬೇಸಿಗೆ ಕಾಲದ ಸರಾಸರಿ ಹರಿವಿನ ಕನಿಷ್ಠ ಶೇ. 15ರಿಂದ 20ರಷ್ಟು ಉಳಿಯಬೇಕು ಎಂದು ಆದೇಶಿಸಿತು. ಬೇಸಿಗೆಯಲ್ಲಿ ಹೊಳೆಯನ್ನು ಪೂರ್ತಿ ಒಣಗಿಸುವಂತಿಲ್ಲ ಎಂದಾಯಿತು, ಒಳ್ಳೆಯದೇ. ಆದರೆ ನಮ್ಮ ಲೆಕ್ಕದ ಹೊಳೆಯಲ್ಲಿ 100 ಲೀಟರಿನ ಶೇ. 15 ಅಂದರೆ 15 ಲೀಟರ್. ಬಚ್ಚಲ ಮನೆಯ ಒಂದು ಬಕೆಟ್. ಇಪ್ಪತ್ತು ಅಡಿ ಅಗಲದ, ಬಂಡೆಗಲ್ಲು ತುಂಬಿದ ಹೊಳೆಗೆ ಸೆಕೆಂಡಿಗೆ ಒಂದು ಬಕೆಟ್ ಸುರಿದು ನೋಡಿ, ನೂರು ಮಾರು ಹೋಗುವುದರೊಳಗೆ ಕಲ್ಲಿನ ಅಡಿ ಸೇರಿರುತ್ತದೆ. ಉಳಿದ 85 ಲೀಟರ್ ಪೈಪಿಗೆ. ದೊಡ್ಡ ನದಿಗೆ ಸರಿಹೋಗುವ ಪಾಲು ಘಟ್ಟದ ತೊರೆಗೆ ಸರಿಹೋಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಜನವರಿಯಿಂದ ಮುಂಗಾರು ಬರುವವರೆಗೆ ಶೇಕಡಾವಾರು ಪಾಲು ಬೇಡ, ಬಂದ ನೀರೆಲ್ಲ ಒಡ್ಡು ದಾಟಿ ಹೋಗಬೇಕು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಕಲ್ಲಿದ್ದಲು ಸುಟ್ಟು ಹೊಗೆ ಬಿಡುವುದಕ್ಕಿಂತ ಇದು ವಾಸಿಯಲ್ಲವೇ? ವಾಸಿ. ಕರ್ನಾಟಕದಲ್ಲಿ ಸಣ್ಣ ಜಲವಿದ್ಯುತ್ ಘಟಕಗಳ ಒಟ್ಟು ಸಾಮರ್ಥ್ಯ 1,200 ಮೆಗಾವ್ಯಾಟ್ ದಾಟಿದೆ, ದೇಶದಲ್ಲೇ ಹೆಚ್ಚು. ಅದರಲ್ಲಿ ಬಯಲು ಸೀಮೆಯ ನಾಲೆ, ಹಳೆಯ ಅಣೆಕಟ್ಟುಗಳ ಬುಡದಲ್ಲಿ ಕೂರಿಸಿದ ಘಟಕಗಳೂ ಇವೆ. ಅಲ್ಲಿ ಹೊಳೆ ಆಗಲೇ ಅಡ್ಡಕಟ್ಟಿಸಿಕೊಂಡಾಗಿದೆ, ಟರ್ಬೈನ್ ಇಟ್ಟರೆ ಹೊಸದಾಗಿ ಒಣಗುವುದು ಏನೂ ಇಲ್ಲ. ಅವುಗಳ ಮೇಲೆ ನನಗೆ ತಕರಾರಿಲ್ಲ. ಮೆಗಾವ್ಯಾಟ್ ಮಾತ್ರ ನೋಡಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರಲ್ಲ, ಅದು ತಪ್ಪು. ಅಳೆಯಬೇಕಾದದ್ದು ಎಷ್ಟು ಕಿಲೋಮೀಟರ್ ಹೊಳೆ ಒಣಗುತ್ತದೆ ಎಂಬುದನ್ನು. ಒಂದೇ ಹೊಳೆಯಲ್ಲಿ ಮೇಲೊಂದು ಕೆಳಗೊಂದು ಘಟಕ ಬಂದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಈಗಿನ ನಿಯಮದಲ್ಲಿ 24 ಮೆಗಾವ್ಯಾಟ್‌ನ ಎರಡು ಘಟಕ ಅಕ್ಕಪಕ್ಕ ಬಂದರೆ ಎರಡೂ ಸಣ್ಣವೇ!

ಹೆಸರಿನ ಆಟ ಮಿನಿ ಹೈಡಲ್‌ಗೆ ಮಾತ್ರ ಸೀಮಿತವಲ್ಲ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆ ಕುಡಿಯುವ ನೀರಿನದ್ದು ಎಂಬ ಕಾರಣಕ್ಕೆ ಪರಿಸರ ಅನುಮತಿಯಿಂದ ಹೊರಗುಳಿಯಿತು. ಅವೆಲ್ಲ ನೇತ್ರಾವತಿಯ ತಲೆಯ ಕಡೆಯ ತೊರೆಗಳು. ಒಂದಕ್ಕೆ ಸಣ್ಣದು ಎಂಬ ಹೆಸರು, ಇನ್ನೊಂದಕ್ಕೆ ಕುಡಿಯುವ ನೀರು ಎಂಬ ಹೆಸರು. ಹೊಳೆ ಮಾತ್ರ ಒಂದೇ, ಅದರ ಮೀನೂ ಒಂದೇ. ಎಲ್ಲವನ್ನೂ ಒಟ್ಟಿಗೆ ಇಟ್ಟು ಈ ಕಣಿವೆಗೆ ಇನ್ನೆಷ್ಟು ತಡೆದುಕೊಳ್ಳುವ ಶಕ್ತಿ ಇದೆ ಎಂದು ಯಾರು ನೋಡುತ್ತಾರೆ? ನನ್ನ ಕೇಳಿದರೆ ಪ್ರತಿ ಕಣಿವೆಯಲ್ಲೂ ಒಂದು ಉಪನದಿಯನ್ನಾದರೂ ಬುಡದಿಂದ ತುದಿಯವರೆಗೆ ಮುಟ್ಟದೆ ಬಿಡಬೇಕು. ಉಳಿದ ಕಡೆ ಮೀನು ಕಡಿಮೆಯಾದರೆ ಮತ್ತೆ ಬರಲು ಬೀಜವಾದರೂ ಇರಬೇಕಲ್ಲ.

ನಮ್ಮ ತಟ್ಟೆಯಲ್ಲೂ ನೊಣ ಬಿದ್ದಿದೆ, ಅದನ್ನೂ ಹೇಳಬೇಕು. ಬೇಸಿಗೆಯಲ್ಲಿ ಗುಂಡಿಗೆ ತೋಟೆ ಹಾಕುವವರು, ಬ್ಲೀಚಿಂಗ್ ಪೌಡರ್, ಮೈಲುತುತ್ತ ಕಲಸುವವರು ಹೊರಗಿನಿಂದ ಬಂದವರಲ್ಲ. 1897ರ ಕಾಯ್ದೆಯ ಕಾಲದಿಂದಲೂ ಇದು ಅಪರಾಧ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತಿದ್ದವು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಏಪ್ರಿಲ್‌ನಲ್ಲಿ ಅಡಿಕೆಗೂ ಕಾಫಿಗೂ ನೀರು ಬೇಕೆಂದು ಹೊಳೆಗೆ ಸಾಲಾಗಿ ಪಂಪು ಇಡುವವರೂ ನಾವೇ. ಹತ್ತುಮೀನಿನ ರಾತ್ರಿ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನೇ ಕಡಿದು ತಂದು ಫೋಟೋ ಹಾಕುವುದು ಎಷ್ಟು ಸರಿ ಎಂದು ಒಮ್ಮೆ ಯೋಚಿಸಿ. ನಾನೂ ತಿಂದವನೇ, ರುಚಿ ಗೊತ್ತಿಲ್ಲದೆ ಹೇಳುತ್ತಿಲ್ಲ. ಆದರೆ ತೋಟೆ ಹಾಕಿದ ಗುಂಡಿಗೆ ಮುಂದಿನ ಮಳೆಯಲ್ಲಿ ಮೇಲಿನಿಂದಲೋ ಕೆಳಗಿನಿಂದಲೋ ಮೀನು ಬಂದು ಸೇರಬಹುದು. ಮೇಲೆ ಒಡ್ಡು, ಕೆಳಗೆ ಒಣಹೊಳೆ ಇದ್ದರೆ ಬರುವುದು ಎಲ್ಲಿಂದ?

ಊರಿನ ಕೈಯಲ್ಲಿ ಏನಿದೆ ಎಂದು ಕೇಳಿದರೆ, ಅಂದುಕೊಂಡದ್ದಕ್ಕಿಂತ ಹೆಚ್ಚು ಇದೆ. ಘಟಕದವರು ಪಂಚಾಯಿತಿಗೆ ಎನ್‌ಒಸಿ ಕೇಳಿಕೊಂಡು ಬಂದಾಗ ರಸ್ತೆ, ದೇವಸ್ಥಾನದ ಹೆಂಚು, ಶಾಲೆಗೆ ಕಂಪ್ಯೂಟರ್ ಎಂದು ಮಾತುಕತೆ ನಡೆಯುತ್ತದೆ. ಆ ಪಟ್ಟಿಯಲ್ಲಿ ಹೊಳೆಯ ನೀರು ಮೊದಲು ಬರಲಿ. ಬೇಸಿಗೆಯಲ್ಲಿ ಒಡ್ಡು ದಾಟಿ ಎಷ್ಟು ನೀರು ಬಿಡುತ್ತೀರಿ, ಅದನ್ನು ಅಳೆಯುವವರು ಯಾರು, ಎಂದು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಒಡ್ಡಿನ ಕೆಳಗೆ, ದಾರಿಹೋಕರಿಗೆ ಕಾಣುವ ಕಡೆ, ಅಡಿ ಇಂಚು ಗುರುತಿರುವ ಕಂಬ ನೆಡಿಸಿ. ಕಂಪನಿಯ ಕಂಪ್ಯೂಟರಿನಲ್ಲಿರುವ ಲೆಕ್ಕ ನಮಗೆ ಕಾಣುವುದಿಲ್ಲ, ಕಂಬ ಎಲ್ಲರಿಗೂ ಕಾಣುತ್ತದೆ. ಈಗಾಗಲೇ ಓಡುತ್ತಿರುವ ಘಟಕವಾದರೆ ಅನುಮತಿ ಪತ್ರದಲ್ಲಿ ನೀರು ಬಿಡುವ ಬಗ್ಗೆ ಏನು ಷರತ್ತಿದೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಹತ್ತು ರೂಪಾಯಿ ಖರ್ಚು.

ಇನ್ನೊಂದು ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿ, ಮೀನುಗಳನ್ನೆಲ್ಲ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಾಳೆ ಯಾರಾದರೂ ಈ ಹೊಳೆಯಲ್ಲಿ ಅಂಥ ವಿಶೇಷ ಮೀನೇನೂ ಇಲ್ಲ ಎಂದು ವರದಿ ಕೊಟ್ಟರೆ ಎದುರಿಗೆ ಇಡಲು ಊರಿನ ಹತ್ತಿರ ಇರುವ ಕಾಗದ ಅದೊಂದೇ. ಪಂಚಾಯಿತಿ ಆಫೀಸಿಗೆ ಹೋಗಿ ಅದನ್ನು ಕೇಳಿ, ಮೀನಿನ ಪುಟ ತೆಗೆಸಿ ನೋಡಿ. ಖಾಲಿ ಇದ್ದರೆ ಮಳೆಗಾಲ ಶುರುವಾಗುವ ಮುಂಚೆ ಊರಿನ ಹಿರಿಯರ ಜೊತೆ ಒಂದು ಸಂಜೆ ಕೂತು, ಯಾವ ಗುಂಡಿಯಲ್ಲಿ ಯಾವ ಮೀನಿತ್ತು, ಅದಕ್ಕೆ ನಮ್ಮ ಕಡೆ ಏನು ಹೆಸರು, ಯಾವ ವರ್ಷದಿಂದ ಕಂಡಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಆ ಹೆಸರುಗಳಲ್ಲಿ ಎಷ್ಟೋ ಇನ್ನೂ ಯಾವ ಪುಸ್ತಕಕ್ಕೂ ಹೋಗಿಲ್ಲ.